ಮೊಗಿಲಯ್ಯನ ಬೆನ್ನು

ಮೊಗಿಲಯ್ಯ ತಾಳೆಮರದಿಂದ ಬಿದ್ದದ್ದು ಬೆಳಿಗ್ಗೆ ಏಳು ಗಂಟೆಗೆ. ಅದೇ ದಿನ ಸಂಜೆ ಐದಕ್ಕೆ ಅವನ ಅಪ್ಪ ಕನಕಯ್ಯ ಅದೇ ಮರ ಹತ್ತಿದ. ಮಗನಿಗೆ ಮೂವತ್ತೊಂಬತ್ತು, ಅಪ್ಪನಿಗೆ ಎಪ್ಪತ್ತು ದಾಟಿತ್ತು. ಮರ ಹತ್ತುವುದು ಬಿಟ್ಟು ಅವನಿಗೆ ಒಂಬತ್ತು ವರ್ಷವಾಗಿತ್ತು.

ಹತ್ತದೆ ಏನು ಮಾಡಬೇಕು ಹೇಳಿ. ಕಳ್ಳು ಇಳಿಸುವ ಮನೆಗೆ ಮರವೆಂದರೆ ಹಾಲು ಕರೆಯುವ ಎಮ್ಮೆ ಇದ್ದ ಹಾಗೆ. ಮನೆಯಲ್ಲಿ ಸಾವಾಗಲಿ ಮದುವೆಯಾಗಲಿ, ಹೊತ್ತಿಗೆ ಸರಿಯಾಗಿ ಹೋಗಲೇಬೇಕು. ಹೊಂಬಾಳೆಯ ತುದಿಯನ್ನು ದಿನವೂ ಎರಡು ಮೂರು ಸಲ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆಯಬೇಕು. ಎರಡು ದಿನ ತಪ್ಪಿದರೆ ಅದು ಒಣಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಆ ವರ್ಷಕ್ಕೆ ಆ ಮರ ಮುಗಿಯಿತು. ಮೊಗಿಲಯ್ಯನ ಪಾಲಿಗೆ ಹನ್ನೊಂದು ಮರ. ಮಾಘ ಮಾಸ, ಮಡಕೆಗಳು ತುಂಬಿ ತುಳುಕುವ ಕಾಲ.

ಬಿದ್ದದ್ದು ಹೀಗೆ. ಮರದ ತಲೆಯಲ್ಲಿ ಒಣಗಿದ ಮಟ್ಟೆಯೊಂದರ ಮೇಲೆ ಕಾಲಿಟ್ಟ, ಮಟ್ಟೆ ಬುಡದಿಂದ ಕಿತ್ತು ಬಂತು. ಕುಂಡೆಯೂರಿ ಬದುವಿನ ಮೇಲೆ ಕೂತಂತೆ ಬಿದ್ದ. ಕೆಳಗಿದ್ದ ಕನಕಯ್ಯ ಓಡಿ ಬಂದಾಗ ಮಗ ಕೇಳಿದ ಮೊದಲ ಮಾತು, "ಅಪ್ಪಾ, ನನ್ನ ಕಾಲು ಎಲ್ಲಿದೆ ನೋಡು."

"ಇಲ್ಲೇ ಇದೆಯಲ್ಲೋ, ನನ್ನ ಕೈಯಲ್ಲೇ ಹಿಡಿದಿದೀನಿ."

"ಹಿಡಿದಿದೀಯಾ?" ಎಂದು ಮೊಗಿಲಯ್ಯ ಆಕಾಶ ನೋಡಿದ.

ಅಕ್ಕಪಕ್ಕದ ಹೊಲದವರು ಸೇರಿ ಎತ್ತಿ ಕೂರಿಸಲು ಬಗ್ಗಿದರು. ಕನಕಯ್ಯ ಕೈಯಲ್ಲಿದ್ದ ಕತ್ತಿ ಬೀಸಿದ. "ಮುಟ್ಟಿದವನ ಕೈ ಕಡೀತೀನಿ! ಯಾರೂ ಕೂರಿಸಬೇಡಿ!" ಅವನ ಕಣ್ಣೆದುರು ನಾಲ್ಕು ಜನ ಮರದಿಂದ ಬಿದ್ದಿದ್ದರು. ಇಬ್ಬರನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗಿದ್ದರು. ಅವರು ಮತ್ತೆ ಮಂಚ ಬಿಟ್ಟು ಇಳಿಯಲಿಲ್ಲ. ಕೊಟ್ಟಿಗೆಯ ಬಾಗಿಲನ್ನೇ ಕಿತ್ತು ತರಿಸಿ, ಆರು ಜನ ಸೇರಿ ಮಗನನ್ನು ಒಂದೇ ಹಲಗೆಯಂತೆ ಅದರ ಮೇಲೆ ಜಾರಿಸಿ, ಆ ಬಾಗಿಲಿನ ಸಮೇತ ವ್ಯಾನಿಗೆ ಏರಿಸಿದ. ಸೊಸೆ ಸ್ವರೂಪ ಗಂಡನ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಳು. ಹೈದರಾಬಾದಿನ ದೊಡ್ಡಾಸ್ಪತ್ರೆಯವರೆಗೆ ಆ ಕೈ ತೆಗೆಯಲಿಲ್ಲ. ಇಳಿಯುವಾಗ ಅವಳ ಬೆರಳುಗಳನ್ನು ಇನ್ನೊಬ್ಬರು ಬಿಡಿಸಬೇಕಾಯಿತು.

ಮರುದಿನವೇ ಆಪರೇಷನ್. ಐದು ಗಂಟೆ. ಸ್ವರೂಪ ಹೊರಗಿನ ಬೆಂಚಿನ ಮೇಲೆ ಕೂತು, ಯಾರೋ ಕೊಟ್ಟ ಇಡ್ಲಿಯನ್ನು ಪೊಟ್ಟಣ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡಿದ್ದಳು. ನರ್ಸ್ ಬಂದು, "ಮುಗೀತಮ್ಮ, ಚೆನ್ನಾಗಾಯ್ತು" ಎಂದಾಗ ಇವಳು ಕೇಳಿದ್ದು, "ಕಾಲು ಬಂತಾ?"

"ಕಾಲೇನು ಬಸ್ಸಾ, ಹೊತ್ತಿಗೆ ಬರೋಕೆ? ತಡೀಬೇಕು."

ತಡೆದರು. ಹನ್ನೆರಡು ದಿನ ಕಳೆಯಿತು. ಹನ್ನೆರಡನೆಯ ದಿನ ಕನಕಯ್ಯ ಮೊಮ್ಮಗಳು ಅಖಿಲಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಂದ. ಅಖಿಲ ಇಂಟರ್, ಅಂದರೆ ಪಿಯುಸಿ, ಓದುವ ಹುಡುಗಿ. ಚೀಲದಲ್ಲಿ ಜೋಳದ ರೊಟ್ಟಿ, ಹುರಿದ ಶೇಂಗಾ ಚಟ್ನಿ, ಅದರಡಿ ಎರಡು ಲೀಟರಿನ ಬಾಟಲಿಯಲ್ಲಿ ಬೆಳಗಿನ ಕಳ್ಳು. ಮಗನಿಗೆ ಮೂತ್ರ ತಾನಾಗಿ ಬರುತ್ತಿಲ್ಲ, ನಳಿಗೆ ಹಾಕಿದ್ದಾರೆಂದು ಫೋನಿನಲ್ಲಿ ಕೇಳಿದ್ದ. ಎಳೆಯ ಕಳ್ಳು ಕುಡಿದರೆ ಮೂತ್ರ ಬಿಡಿಸಿಕೊಂಡು ಬರುತ್ತದೆ, ಇದು ನಮ್ಮ ಕಡೆ ಹಾಲುಗೂಸಿಗೂ ಗೊತ್ತಿರುವ ವಿಷಯ. ಬಾಟಲಿಯ ಬಾಯಿಗೆ ಮುದುಕ ಬೇವಿನ ಸೊಪ್ಪು ತುರುಕಿ, ಗಾಳಿಯಾಡುವಂತೆ ಬಿಟ್ಟಿದ್ದ. ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡರೆಂದು ಅಖಿಲ ನಾಚಿ, ಸೊಪ್ಪು ಕಿತ್ತೆಸೆದು, ಮುಚ್ಚಳ ಬಿಗಿಯಾಗಿ ತಿರುಗಿಸಿಬಿಟ್ಟಿದ್ದಳು.

ಮೂರು ಗಂಟೆಯ ದಾರಿ, ಕಿಟಕಿಯ ಬಿಸಿಲು. ವಾರ್ಡಿನಲ್ಲಿ ಮಗನ ಮಂಚದ ಪಕ್ಕ ಚೀಲ ಬಿಚ್ಚಿದಾಗ ಬಾಟಲಿ ಬಸುರಿಯಂತೆ ಉಬ್ಬಿತ್ತು. ಕನಕಯ್ಯ "ಅಯ್ಯಯ್ಯೋ, ಇದರ ಬಾಯಿ ಯಾರೇ ಕಟ್ಟಿದ್ದು?" ಎಂದು ಕೈ ಹಾಕುವುದಕ್ಕೂ ಮುಚ್ಚಳ ಢಂ ಎಂದು ಹಾರಿ ನರ್ಸಿನ ಮೇಜಿಗೆ ಬಡಿಯುವುದಕ್ಕೂ ಸರಿಹೋಯಿತು. ನೊರೆ ಮೇಲೆದ್ದು ಹಾಸಿಗೆ, ಗೋಡೆ, ಪಕ್ಕದ ಮಂಚದವರೆಗೆ ಹಾರಿತು. ಪಕ್ಕದ ಮಂಚದಲ್ಲಿದ್ದವನು ಲಾರಿ ಡ್ರೈವರ್, ಅವನದೂ ಬೆನ್ನು. "ದೊಡ್ಡಪ್ಪಾ, ಇನ್ನೊಂದು ಮೊಳ ಈ ಕಡೆ ಹಿಡಿದಿದ್ರೆ ನನ್ನ ಬಾಯಿಗೇ ಬೀಳ್ತಿತ್ತಲ್ಲ" ಎಂದ. ವಾರ್ಡಿಗೆ ವಾರ್ಡೇ ನಕ್ಕಿತು. ಮೊಗಿಲಯ್ಯನೂ ನಕ್ಕು, ನಕ್ಕ ನೋವಿಗೆ ಹಲ್ಲು ಕಚ್ಚಿದ.

ನಗದವಳು ಸ್ವರೂಪ ಒಬ್ಬಳೇ. ಒದ್ದೆ ಗೋಡೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

"ಮಾವ, ಇದನ್ನ ಮರದಿಂದ ಇಳಿಸಿದ್ಯಾರು?"

ಅಖಿಲ ಫ್ಯಾನು ನೋಡತೊಡಗಿದಳು.

"ಯಾರೋ ಇಳಿಸಿದ್ರು ಬಿಡಮ್ಮ."

"ಯಾರು ಅಂದೆ."

"ಮಡಕೆ ಕಟ್ಟಿದ್ದು ಹಾಗೇ ಇತ್ತಲ್ಲ..."

"ಹನ್ನೆರಡು ದಿನದಿಂದ ನೀವು ಹತ್ತುತಾ ಇದೀರಿ! ನಾನಿಲ್ಲಿ ಒಬ್ಬರ ಉಚ್ಚೆ ಚೀಲ ಹಿಡ್ಕೊಂಡು ಕೂತಿದೀನಿ, ನೀವಲ್ಲಿ ಇನ್ನೊಂದು ಮಂಚ ರೆಡಿ ಮಾಡ್ತಿದೀರಾ? ಲೇ ಅಖಿಲಾ, ನೀನೂ ಬಾಯಿ ಬಿಡಲಿಲ್ಲವಲ್ಲೇ!"

"ತಾತ ಆಣೆ ಹಾಕಿಸ್ಕೊಂಡಿದ್ರಮ್ಮಾ..."

ಅಷ್ಟರಲ್ಲಿ ಡಾಕ್ಟರಮ್ಮ ವಾಸಂತಿ ಸುತ್ತು ಬಂದರು. ಗಿಡ್ಡ ಹೆಂಗಸು, ಕನಕಯ್ಯನ ಭುಜದವರೆಗೂ ಬರುವುದಿಲ್ಲ. "ಏನಿದು ವಾಸನೆ? ವಾರ್ಡೋ, ಕಳ್ಳಿನಂಗಡಿಯೋ?"

ಕನಕಯ್ಯ ಎದ್ದು ನಿಂತು ತಪ್ಪೊಪ್ಪಿಕೊಂಡ. ಆಕೆ ಗದರಿ, ಬಾಟಲಿಯನ್ನು ಹೊರಗೆ ಚೆಲ್ಲಿಸಿ, ನಳಿಗೆಗೂ ಕಳ್ಳಿಗೂ ಸಂಬಂಧವಿಲ್ಲ, ನರಕ್ಕೆ ಪೆಟ್ಟು ಬಿದ್ದಿರುವುದರಿಂದ ಮೂತ್ರಕೋಶ ಮಲಗಿದೆ, ಏಳಬಹುದು ಎಂದರು. ಮುದುಕ ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದ:

"ಅಮ್ಮಾ, ಇವನ ಬೆನ್ನು ಕೊಯ್ದ ಡಾಕ್ಟರು ಯಾರು?"

"ನಾನೇ."

"ನೀವಾ?"

"ಯಾಕೆ ತಾತ, ಮೀಸೆ ಇರಬೇಕಿತ್ತಾ?"

ಆಕೆಗೂ ನಗು ಬಂದಿರಬೇಕು. ಎಕ್ಸ್‌ರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯ ಗಿಣ್ಣುಗಳು ಒಂದರ ಮೇಲೊಂದು ಅಡಕಿಟ್ಟ ಕುಡಿಕೆಗಳಂತೆ ಕಂಡವು. ನಡುವಿನದೊಂದು ಒಡೆದು ಚಪ್ಪಟೆಯಾಗಿತ್ತು. "ಇದು ಪುಡಿಯಾದದ್ದು. ಇದರ ಚೂರು ಹಿಂದಕ್ಕೆ ಸರಿದು ನರದ ಹುರಿಯನ್ನ ಒತ್ತಿತ್ತು. ಅದನ್ನ ಬಿಡಿಸಿದೆ. ಮತ್ತೆ ಕುಸೀಬಾರದು ಅಂತ ಮೇಲಿನ ಎರಡು ಮೂಳೆಗೂ ಕೆಳಗಿನ ಒಂದಕ್ಕೂ ಸ್ಕ್ರೂ ಹಾಕಿ, ಎರಡು ಸರಳು ಕಟ್ಟಿದೀನಿ. ಇಗೋ, ಒಂದು, ಎರಡು... ಆರು."

ಆ ಆರು ಮೊಳೆಗಳು ಎಡಕ್ಕೆ ಮೂರು ಬಲಕ್ಕೆ ಮೂರು, ಒಂದೇ ಓರೆಯಲ್ಲಿ ಹೊಳೆಯುತ್ತಿದ್ದವು. ಕನಕಯ್ಯ ಹತ್ತಿರ ಬಗ್ಗಿ ನೋಡಿದ.

"ಒಳಗೆ ಕೂರಿಸುವಾಗ ಕಣ್ಣಿಗೆ ಕಾಣುತ್ತಾ ಅಮ್ಮಾ?"

"ಯಂತ್ರದಲ್ಲಿ ನೆರಳು ಕಾಣುತ್ತೆ. ಮಿಕ್ಕಿದ್ದು ಕೈಗೆ ಗೊತ್ತಾಗುತ್ತೆ. ಗಟ್ಟಿ ಮೂಳೆ ಒಂದು ಥರ ತಡೀತದೆ. ಮೆತ್ತಗಾಯ್ತು ಅಂದ್ರೆ ಕೈ ಅಲ್ಲೇ ನಿಲ್ಲಬೇಕು."

"ಒಂದು ಕೂದಲು ಆಚೆ ಹೋದ್ರೆ?"

"ಹೋಗಬಾರದು."

"ಹೋಗಬಾರದು" ಎಂದು ಮುದುಕ ತನಗೇ ಹೇಳಿಕೊಂಡ. ಐವತ್ತು ವರ್ಷ ಹೊಂಬಾಳೆ ಹೆರೆದ ಕೈ ಅವನದು. ಒಂದು ಕೂದಲು ಹೆಚ್ಚು ಹೆರೆದರೆ ಏನಾಗುತ್ತದೆಂದು ಗೊತ್ತಿದ್ದವನು. "ಅಮ್ಮಾ, ನಿಮ್ಮ ಕೈ ಒಂದ್ಸಲ ತೋರಿಸ್ತೀರಾ?"

ಡಾಕ್ಟರಮ್ಮ ಕೈ ಚಾಚಿದರು. ಬಳೆಯಿಲ್ಲದ, ಉಗುರು ಕತ್ತರಿಸಿದ, ಶಾಲೆಯ ಹುಡುಗಿಯದಂತಹ ಸಣ್ಣ ಕೈ. ಕನಕಯ್ಯ ಅದನ್ನು ಮುಟ್ಟಲಿಲ್ಲ. ಅಂಗೈಯನ್ನೂ ಮುಂಗೈಯನ್ನೂ ನೋಡಿದ. ಕೈ ಮುಗಿಯುವುದು ಮರೆತೇಹೋಯಿತು.

ಕೇಳಿದವಳು ಸ್ವರೂಪ. "ಇವರು ನಡೀತಾರಾ ಮೇಡಂ?"

"ಹುರಿ ಕಡಿದಿಲ್ಲಮ್ಮ, ನಲುಗಿದೆ. ನಾನು ದಾರಿ ಬಿಡಿಸಿದೀನಿ. ಅದರಲ್ಲಿ ಜೀವ ಹರಿಯೋದು ನನ್ನ ಕೈಲಿಲ್ಲ. ಮೂರು ತಿಂಗಳೊಳಗೆ ತಮ್ಮ ಕಾಲ ಮೇಲೆ ತಾವೇ ನಿಂತ್ರೆ, ನಡೀತಾರೆ ಅಂತ ಧೈರ್ಯವಾಗಿ ಹೇಳ್ತೀನಿ. ಆಮೇಲಾದ್ರೆ, ಹೇಳೋದು ಕಷ್ಟ."

ಮೂರು ತಿಂಗಳು. ಸ್ವರೂಪ ಬೆರಳು ಮಡಿಚಿದಳು: ಫಾಲ್ಗುಣ, ಚೈತ್ರ, ವೈಶಾಖ.

ಇಪ್ಪತ್ತಮೂರನೆಯ ದಿನ ಮನೆಗೆ ಬಂದರು. ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಎಲ್ಲ ಆಗಿದ್ದರಿಂದ ಆಸ್ಪತ್ರೆಯ ಸಾಲವೇನೂ ತಲೆಯ ಮೇಲಿರಲಿಲ್ಲ. ಆದರೆ ಮನೆಯೇ ಆಸ್ಪತ್ರೆಯಾಯಿತು. ನಡುಮನೆಯಲ್ಲಿ ಹಲಗೆಯ ಮಂಚ. ಎರಡು ಗಂಟೆಗೊಮ್ಮೆ ಮೊಗಿಲಯ್ಯನನ್ನು ಹೊರಳಿಸಬೇಕು, ಅದೂ ಬೆನ್ನು ತಿರುಚದಂತೆ, ಮರದ ದಿಮ್ಮಿ ಉರುಳಿಸಿದ ಹಾಗೆ ತಲೆಯಿಂದ ಕಾಲವರೆಗೆ ಒಟ್ಟಿಗೆ. ಅಖಿಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹೊತ್ತು ಬರೆದಳು: ಆರಕ್ಕೆ ಎಡ, ಎಂಟಕ್ಕೆ ಬಲ. ಅವಳು "ಒಂದು, ಎರಡು, ಮೂರು" ಎಂದರೆ ಅಮ್ಮ ಭುಜ, ಇವಳು ಸೊಂಟ, ತಾತ ಕಾಲು. ಬೆನ್ನಿಗೆ ಎದೆಯಿಂದ ಸೊಂಟದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ ಕವಚ, ಆಮೆಯ ಚಿಪ್ಪಿನಂತೆ. ವಾರಕ್ಕೆರಡು ಸಲ ಮೇಕೆಯ ಕಾಲಿನ ಸೂಪು. ಸೂಪು ತಂದಾಗಲೆಲ್ಲ ಮೊಗಿಲಯ್ಯ, "ಮೇಕೆಗಳೆಲ್ಲ ಕುಂಟಾಗ್ತಿವೆ ಕಣೇ, ನನ್ನ ಕಾಲಿಗೆ ಮಾತ್ರ ಸುದ್ದಿಯಿಲ್ಲ" ಎನ್ನುತ್ತಿದ್ದ.

ಮರಗಳ ಜಗಳ ಮನೆಗೆ ಬಂದ ಮೂರನೆಯ ದಿನ ಅನ್ನದ ಮುಂದೆ ಎದ್ದಿತು.

"ನಾಳೆಯಿಂದ ಹತ್ತಬೇಡಿ ಮಾವ."

"ಅವನೆದ್ದು ಬಂದಾಗ ಮರ ಬತ್ತಿ ಕೂತಿದ್ರೆ ಏನು ತಿಂತೀರಿ?"

"ನನಗೆ ಎದ್ದು ಬರೋ ಗಂಡ ಬೇಕು, ಮರ ಬೇಡ."

"ಮರವಿಲ್ಲದೆ ಇವನು ಗಂಡನಾಗಿದ್ದೆಲ್ಲಿ? ನಿನ್ನನ್ನ ನೋಡೋಕೆ ಬಂದಾಗ ನಿಮ್ಮಪ್ಪ ಮೊದಲು ಕೇಳಿದ್ದು ಎಷ್ಟು ಮರ ಇದೆ ಅಂತ."

"ಕೇಳಿದ್ರು. ಎಷ್ಟು ಎತ್ತರ ಅಂತ ಕೇಳಲಿಲ್ಲ, ಅದೇ ತಪ್ಪಾಯ್ತು!"

ಮಂಚದಿಂದ ಮೊಗಿಲಯ್ಯ ಕೂಗಿದ. "ಇಬ್ಬರೂ ಊಟ ಮಾಡಿ. ಎದ್ದು ಬಂದು ಬಿಡಿಸೋ ಹಂಗಿಲ್ಲ ನಾನು." ಆ ಮಾತಿಗೆ ಇಬ್ಬರೂ ತಟ್ಟೆಗೆ ಕೈ ಹಾಕಿದರು. ಮರುದಿನ ಕನಕಯ್ಯ ಎತ್ತರದ ಏಳು ಮರಗಳನ್ನು ಕೇರಿಯ ಇನ್ನೊಬ್ಬನಿಗೆ ಒಪ್ಪಿಸಿ, ಗಿಡ್ಡನೆಯ ನಾಲ್ಕನ್ನು ಇಟ್ಟುಕೊಂಡ. ಸ್ವರೂಪ ಅದಕ್ಕೂ ಮೂರು ದಿನ ಮಾತು ಬಿಟ್ಟಳು. ಆದರೆ ಮಾವ ಹತ್ತುವ ಹೊತ್ತಿಗೆ ಮರದ ಬುಡಕ್ಕೆ ಹೋಗಿ ನಿಲ್ಲುತ್ತಿದ್ದಳು, ಕೆಳಗೆ ನಿಂತರೆ ಹಿಡಿದುಬಿಡುತ್ತೇನೆ ಎನ್ನುವಂತೆ.

ಚೈತ್ರದಲ್ಲಿ ಜಿಲ್ಲಾಸ್ಪತ್ರೆಯಲ್ಲಿ ನಳಿಗೆ ತೆಗೆದರು. ಆರು ಗಂಟೆಯೊಳಗೆ ತಾನಾಗಿ ಬರದಿದ್ದರೆ ಮತ್ತೆ ಹಾಕಬೇಕು ಎಂದರು. ಒಂದು, ಎರಡು, ನಾಲ್ಕು ಗಂಟೆ. ಮೊಗಿಲಯ್ಯ ಬೆವರುತ್ತ ಕೈಯಲ್ಲಿ ಡಬ್ಬಿ ಹಿಡಿದು ಮಲಗಿದ್ದ. ಐದನೆಯ ಗಂಟೆಯಲ್ಲಿ ಪರದೆಯಾಚೆಯಿಂದ ಸಣ್ಣಗೆ ಸದ್ದು ಕೇಳಿತು, ಖಾಲಿ ಮಡಕೆಯ ತಳಕ್ಕೆ ಮೊದಲ ಹನಿ ಬಿದ್ದಂತೆ, ಆಮೇಲೆ ಧಾರೆ. ಹೊರಗೆ ನಿಂತಿದ್ದ ಕನಕಯ್ಯ ತಲೆಗೆ ಸುತ್ತಿದ್ದ ಟವೆಲು ತೆಗೆದು ಎದೆಗೊತ್ತಿಕೊಂಡ. ದೇವರ ಮುಂದೆ ಮಾತ್ರ ಅವನು ಹಾಗೆ ಮಾಡುವುದು. ಅಖಿಲ ಅಳುತ್ತಾ ನಗುತ್ತಾ, "ಅಪ್ಪಾ, ಉಚ್ಚೆ ಹೊಯ್ದಿದ್ದಕ್ಕೆ ಇಷ್ಟು ಜನ ಖುಷಿಪಟ್ಟಿದ್ದು ನೀನು ಹುಟ್ಟಿದಾಗಲೂ ಇರಲಿಕ್ಕಿಲ್ಲ" ಎಂದಳು.

ಅಲ್ಲಿಂದ ಒಂದೊಂದೇ ಬಂತು. ತೊಡೆಗೆ ಜುಂ ಎನ್ನುವ ಉರಿ, ಮಂಡಿ ಮಡಿಸುವ ಶಕ್ತಿ. ಆದರೆ ನಿಲ್ಲುವುದು ಬರಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ವ್ಯಾಯಾಮದ ಹುಡುಗ ಇರ್ಫಾನ್ ವಾಕರ್ ತಂದುಕೊಟ್ಟ. ಅದನ್ನು ಹಿಡಿದು ಮುಂದಕ್ಕೆ ಭಾರ ಹಾಕಿ ನಿಲ್ಲಬೇಕು. ಮೊಗಿಲಯ್ಯ ಎದ್ದ ಕ್ಷಣವೇ ಹಿಂದಕ್ಕೆ ವಾಲುತ್ತಿದ್ದ, ವಾಕರ್ ಮೇಲೆದ್ದು ಬರುತ್ತಿತ್ತು. ಒಂದು ಸಲ ಸ್ವರೂಪಳ ಮೈಮೇಲೆಯೇ ಬಿದ್ದ. ಅಂದು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆಮೇಲೆ ವಾಕರ್ ಕಂಡರೆ ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದ.

"ಮುಂದಕ್ಕೆ ಬಗ್ಗಿ ಅಣ್ಣಾ, ಮುಂದಕ್ಕೆ!" ಎಂದು ಇರ್ಫಾನ್ ಬಡಕೊಂಡ. "ಕಾಲಲ್ಲಿ ಜೀವ ಬಂದಿದೆ. ನಿಮ್ಮ ಮೈಗೆ ನಂಬಿಕೆ ಬರ್ತಿಲ್ಲ ಅಷ್ಟೇ."

"ಹೆಂಗೆ ಬಗ್ಗಬೇಕಪ್ಪಾ? ಇಪ್ಪತ್ತು ವರ್ಷ ನಾನು ನಿಂತಿರೋದೇ ಹಿಂದಕ್ಕೆ ವಾಲಿ."

ಅದು ನಿಜ. ಮರ ಹತ್ತುವವನು ಮೋಕಿನಲ್ಲಿ ನಿಲ್ಲುತ್ತಾನೆ. ಮೋಕು ಎಂದರೆ ಸೊಂಟವನ್ನೂ ಮರವನ್ನೂ ಒಟ್ಟಿಗೆ ಬಳಸಿದ ದಪ್ಪ ಹಗ್ಗ. ಪಾದ ಮರಕ್ಕೆ ಒತ್ತಿ, ಬೆನ್ನಿನ ಭಾರವನ್ನೆಲ್ಲ ಹಗ್ಗಕ್ಕೆ ಬಿಟ್ಟು ಹಿಂದಕ್ಕೆ ಒರಗಿದರೆ ಎರಡೂ ಕೈ ಕೆಲಸಕ್ಕೆ ಬಿಡುವು. ಕನಕಯ್ಯ ಅಂಗಳದ ಬೇವಿನ ಮರಕ್ಕೆ ತನ್ನ ಮೋಕು ಹಾಕಿ, ನೆಲದ ಮೇಲೆಯೇ ಒರಗಿ ನಿಂತು ತೋರಿಸಿದ. ಇರ್ಫಾನ್ ಸುತ್ತು ಹಾಕಿ ನೋಡಿದ. ಹಗ್ಗ ಮುದುಕನ ಸೊಂಟದ ಮೇಲೆ ಎಲ್ಲಿ ಕೂತಿದೆಯೆಂದು ಬೆರಳಿಟ್ಟು ಅಳೆದ.

"ಗಾಯ ಇದಕ್ಕಿಂತ ಒಂದು ಗೇಣು ಮೇಲಿದೆ..." ಎಂದು ರಾಗ ಎಳೆದು, ಫೋನಿನಲ್ಲಿ ವಿಡಿಯೊ ತೆಗೆದು ಹೈದರಾಬಾದಿಗೆ ಕಳಿಸಿದ. ಡಾಕ್ಟರಮ್ಮನ ಉತ್ತರ ಸಂಜೆ ಬಂತು: ಇವನಿಗೂ ಹಗ್ಗ ಕಟ್ಟಿ ನಿಲ್ಲಿಸಬಹುದು, ಆದರೆ ಕವಚದ ಕೆಳಗೆ, ಮೆತ್ತೆ ಇಟ್ಟು, ಹತ್ತೇ ನಿಮಿಷ, ಇಬ್ಬರು ಪಕ್ಕದಲ್ಲಿರಬೇಕು.

ಸ್ವರೂಪ ಮಾತ್ರ ಒಪ್ಪಲಿಲ್ಲ. "ಇವತ್ತು ನೆಲದ ಮೇಲೆ ಕಟ್ತೀರಿ. ನಾಳೆ ಮರಕ್ಕೆ ಕಟ್ತೀರಿ. ನನಗೆ ಗೊತ್ತಿಲ್ವಾ ಈ ಮನೆ?"

"ಹತ್ತಲ್ಲ ಕಣೇ" ಎಂದ ಮೊಗಿಲಯ್ಯ.

"ಆಣೆ ಹಾಕು."

ಅವನು ತನ್ನ ಕಾಲನ್ನೇ ನೋಡಿಕೊಂಡ. "ಸುಳ್ಳು ಆಣೆ ಹಾಕಲ್ಲ. ನಿಂತ ಮೇಲೆ ಕೇಳು, ಹೇಳ್ತೀನಿ. ಮಲಗಿದವನ ಹತ್ರ ಏನು ಆಣೆ ತಗೋತೀಯ?"

ಮೂರು ತಿಂಗಳಿಗೆ ಇಪ್ಪತ್ತೆಂಟು ದಿನ ಉಳಿದಿತ್ತು. ಅವಳು ಒಳಗೆ ಹೋಗಿ ತನ್ನ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ತಂದು, ಮೋಕು ಸೊಂಟಕ್ಕೆ ತಾಗುವ ಕಡೆ ತಾನೇ ಸುತ್ತಿ ಹೊಲಿದಳು. ಯಾರ ಮುಖವನ್ನೂ ನೋಡಲಿಲ್ಲ.

ಮೊದಲ ದಿನ ಬೇವಿನ ಮರದ ಮುಂದೆ ಎತ್ತಿ ನಿಲ್ಲಿಸಿ ಹಗ್ಗ ಬಿಗಿದಾಗ ಮೊಗಿಲಯ್ಯ ಹಿಂದಕ್ಕೊರಗಿದ. ಹಗ್ಗ ಕಿರ್ರೆಂದಿತು. ಅವನ ಪಾದದ ಬೆರಳುಗಳು ಯಾರೂ ಹೇಳದೆಯೇ ಅಗಲವಾಗಿ ಬಿಚ್ಚಿಕೊಂಡು ನೆಲ ಕಚ್ಚಿದವು. ಎರಡು ತಿಂಗಳು ಹೊರಳಿಸಿಕೊಂಡವನು ತಲೆಯೆತ್ತಿ ನಿಂತಿದ್ದ. "ನನಗಿಂತ ಎತ್ತರ ಇದೀಯಲ್ಲಪ್ಪಾ, ಮರೆತೇ ಹೋಗಿತ್ತು" ಎಂದಳು ಅಖಿಲ. ಮಂಡಿ ಮಡಿಚಿಕೊಳ್ಳಲಿಲ್ಲ. ಆದರೂ ಇದು ನಿಂತದ್ದಲ್ಲ, ಹಗ್ಗ ನಿಲ್ಲಿಸಿದ್ದು. ಅದು ಎಲ್ಲರಿಗೂ ಗೊತ್ತಿತ್ತು. ಸಡಿಲಿಸಿ ನೋಡೋಣವೆಂದರೆ ಮೊಗಿಲಯ್ಯನ ಮುಖ ಬಿಳಿಚುತ್ತಿತ್ತು. "ಬೇಡ, ಬೇಡ. ಬಿಡಬೇಡ ಅಪ್ಪಾ."

ಹತ್ತು ನಿಮಿಷ ಇಪ್ಪತ್ತಾಯಿತು, ಇಪ್ಪತ್ತು ಅರ್ಧ ಗಂಟೆ. ತಾಟಿನಿಂಗು ಬಲಿಯುವ ಬಿಸಿಲು ಬಂತು. ಬೆಳಿಗ್ಗೆ ಅಂಬಲಿ ಕುಡಿಯುವ ಮೊದಲು ಬೇವಿನ ಮರದ ಹತ್ತಿರ ಅವನನ್ನು ಕಟ್ಟಿ ನಿಲ್ಲಿಸುವುದು ಕಸ ಗುಡಿಸಿದಂತೆ, ನೀರು ತುಂಬಿದಂತೆ ಮನೆಯ ಒಂದು ಕೆಲಸವಾಯಿತು. ಅವನು ಅಲ್ಲಿಂದಲೇ ಅಂಗಳದ ಆಡಳಿತ ನಡೆಸುತ್ತಿದ್ದ: ಕೋಳಿಗೆ ನುಚ್ಚು ಹಾಕು, ಆ ಮಡಕೆಗೆ ಸುಣ್ಣ ಕಡಿಮೆಯಾಯಿತು, ಕಳ್ಳು ಬೇಗ ಹುಳಿಯುತ್ತೆ.

ಗಡುವಿಗೆ ಐದು ದಿನವಿದ್ದಾಗಿನ ಮಾತು. ಕನಕಯ್ಯ ಮರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಲಗೆಗೆ ಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುತ್ತಿದ್ದ. ಅಖಿಲ ಇನ್ನೊಂದು ಪಕ್ಕ ಪುಸ್ತಕ ಹಿಡಿದಿದ್ದಳು.

"ಅಪ್ಪಾ, ಹಂಗಲ್ಲ" ಎಂದ ಮೊಗಿಲಯ್ಯ, ಹಗ್ಗಕ್ಕೆ ಒರಗಿಕೊಂಡೇ. "ಅಡ್ಡ ಮಸೀತಿದೀಯ."

"ನೀನು ಹುಟ್ಟೋಕೆ ಮೊದಲಿಂದ ಮಸೀತಿದೀನಿ."

"ಅದಕ್ಕೇ ಬಾಯಿ ಮೊಂಡಾಗಿರೋದು. ನೋಡಿಲ್ಲಿ, ಕತ್ತಿ ಮಲಗಿಸಬೇಕು, ಹಿಂಗೆ. ಈ ಕೈ ಹಿಡಿ, ಈ ಕೈ ತುದೀಲಿ. ಮೇಲಿಂದ ಕೆಳಕ್ಕೆ ಒಂದೇ ಎಳೆತ..." ಎರಡೂ ಕೈ ಗಾಳಿಯಲ್ಲಿ ಎತ್ತಿ, ಇಲ್ಲದ ಕತ್ತಿಯನ್ನು ಇಲ್ಲದ ಹಲಗೆಗೆ ಉಜ್ಜಿ ತೋರಿಸತೊಡಗಿದ. ತೋರಿಸುವ ಉಮೇದಿನಲ್ಲಿ ಅಪ್ಪನ ಕಡೆಗೆ ಸ್ವಲ್ಪ ಬಾಗಿದ. ಮುಂದಕ್ಕೆ.

ಅಂಬಲಿಯ ಚೊಂಬು ಹಿಡಿದು ಹೊಸ್ತಿಲು ದಾಟಿದ ಸ್ವರೂಪ ಅಲ್ಲೇ ನಿಂತಳು. ಗಂಡನ ಸೊಂಟಕ್ಕೂ ಹಗ್ಗಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ಮೊದಲು ಎರಡು ಬೆರಳು, ಆಮೇಲೆ ಅಂಗೈಯಷ್ಟು. ಬಿಗಿ ತಪ್ಪಿದ ಮೋಕು, ಅವಳು ಹೊಲಿದ ಸೀರೆಯ ಸಮೇತ, ಮೆಲ್ಲಗೆ ಅವನ ತೊಡೆಯವರೆಗೆ ಜೋತುಬಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ. "ತುದಿಗೆ ಬಂದಾಗ ಕೈ ಹಗುರ ಮಾಡಬೇಕು, ಗೊತ್ತಾಯ್ತಾ?" ಎನ್ನುತ್ತಿದ್ದ.

ಅಖಿಲಳ ಕೈಯಿಂದ ಪುಸ್ತಕ ಜಾರಿತು; ಅವಳು ಅದನ್ನು ನೆಲಕ್ಕೆ ಬೀಳಗೊಡದೆ ಮಂಡಿಯಿಂದ ತಡೆದಳು. ಕನಕಯ್ಯ ಮಸೆಯುವುದು ನಿಲ್ಲಿಸಿ, ಮಗನ ಎರಡು ಬರಿಗಾಲನ್ನು, ಆ ಕಾಲು ತಾನೇ ಹೊತ್ತಿದ್ದ ಇಡೀ ಮನುಷ್ಯನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. 

ಮೊಗಿಲಯ್ಯ ಕೈ ಹಾಗೇ ಎತ್ತಿಕೊಂಡು ಒಬ್ಬೊಬ್ಬರ ಮುಖ ನೋಡಿದ. "ಯಾಕೆ ಎಲ್ಲ ಹಿಂಗೆ ನೋಡ್ತಿದೀರಿ? ನಾನು ಹೇಳಿದ್ದು ತಪ್ಪಾ?"

ಸ್ವರೂಪ ಬಾಯಿ ತೆರೆಯುವುದರಲ್ಲಿದ್ದಳು. ಮುದುಕ ಕಣ್ಣಲ್ಲೇ ಅವಳನ್ನು ತಡೆದ.

"ತಪ್ಪಿಲ್ಲ ಮಗಾ" ಎಂದ, ಕತ್ತಿಯನ್ನು ಮತ್ತೆ ಹಲಗೆಗಿಟ್ಟು. "ನನಗೆ ಸರಿಯಾಗಿ ತಿಳೀಲಿಲ್ಲ. ಇನ್ನೊಂದ್ಸಲ ಹೇಳು. ನಿಧಾನವಾಗಿ ಹೇಳು."